ನನ್ನ ತಮ್ಮ ಗಡಿಯಲ್ಲಿದ್ದಾಗ ಊರಲ್ಲಿ ಡಿಕ್ರಿ ಆಗಿದೆ, ಈಗೇನು ಮಾಡೋದು?

ಪ್ರಶ್ನೆ: ನನ್ನ ತಮ್ಮ ಸೇನೆಯಲ್ಲಿ ಜವಾನ. ಜಮೀನಿನ ದಾವೆಗೆ ಅವನು ಹಾಜರಾಗಲಿಲ್ಲ ಅಂತ ಕೋರ್ಟು ಎಕ್ಸ್‌ಪಾರ್ಟಿ ಡಿಕ್ರಿ (ಅವನ ಗೈರುಹಾಜರಿಯಲ್ಲೇ ತೀರ್ಪು) ಕೊಟ್ಟಿದೆ. ಸಮನ್ಸ್ ಊರ ಮನೆ ಬಾಗಿಲಿಗೆ ಅಂಟಿಸಿದ್ದರಂತೆ. ಇದನ್ನು ರದ್ದು ಮಾಡಿಸಬಹುದಾ? ಕೋರ್ಟು ಖರ್ಚಿನ ಬಾಬ್ತು ಅವನ ಸಂಬಳ ಜಪ್ತಿ ಆಗುತ್ತಾ?

ಉತ್ತರ: ರದ್ದು ಮಾಡಿ ಅಂತ ಕೋರ್ಟನ್ನು ಕೇಳಬಹುದು. ಆದರೆ ಒಂದು ದಿನವೂ ಸುಮ್ನೆ ಕೂರಬೇಡಿ.

ಮೊದಲು ಆ ಸಮನ್ಸ್ ವಿಷಯ. ಜವಾನನಿಗೆ ಸಮನ್ಸ್ ಹೋಗಬೇಕಾದ್ದು ಅವನ ಕಮಾಂಡಿಂಗ್ ಆಫೀಸರ್ ಮೂಲಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ (ಆರ್ಡರ್) 28ನೇ ನಿಯಮ ಹಾಗೆ ಹೇಳುತ್ತದೆ. ಎಷ್ಟೋ ಸಲ ವಾದಿ ಊರ ವಿಳಾಸವನ್ನಷ್ಟೇ ಕೊಟ್ಟಿರುತ್ತಾನೆ. ಹುಡುಗ ಸೇನೆಯಲ್ಲಿದ್ದಾನೆ ಅಂತ ಕೋರ್ಟಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಈ ಮಾತೇ ಮೊದಲು ಬರಲಿ.

ಅರ್ಜಿಗೆ ಎರಡು ದಾರಿ. ಒಂದು, ಎಲ್ಲರಿಗೂ ಇರುವ, ಅದೇ ಸಂಹಿತೆಯ 9ನೇ ಆದೇಶದ 13ನೇ ನಿಯಮ. ಅದಕ್ಕೆ 30 ದಿನ. ಇನ್ನೊಂದು ಸೈನಿಕರಿಗೇ ಇರುವ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯ 10ನೇ ಕಲಂ. ಅದಕ್ಕೆ 90 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಎರಡರಲ್ಲೂ ಡಿಕ್ರಿಯ ವಿಷಯ ತಿಳಿದ ದಿನದಿಂದ ಲೆಕ್ಕ. ಆದರೆ 1925ರ ಕಾಯ್ದೆ ಎಲ್ಲ ಪೋಸ್ಟಿಂಗ್‌ಗೂ ಅನ್ವಯಿಸುವುದಿಲ್ಲ. ಯುದ್ಧದ ಸ್ಥಿತಿ, ಹೊರದೇಶ, ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಜಾಗ, ಇಂಥಲ್ಲಿ ಸೇವೆ ಇರಬೇಕು. ಆದ್ದರಿಂದ ನನ್ನ ಸಲಹೆ: 90 ದಿನ ಇದೆ ಅಂತ ನಂಬಿ ಕೂರದೆ, 30 ದಿನದೊಳಗೇ ಅರ್ಜಿ ಹಾಕಿ. ಜೊತೆಗೇ ಡಿಕ್ರಿ ಜಾರಿಗೆ ತಡೆಯಾಜ್ಞೆ ಕೇಳಿ. ಜಮೀನು ಕೈಬಿಟ್ಟ ಮೇಲೆ ವಾಪಸ್ ಪಡೆಯೋದು ಬಹಳ ಕಷ್ಟ, ಅಲ್ವಾ?

ರಜೆ ಸಿಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶದಂತೆ ತಮ್ಮ ನಿಮಗೇ ಅಧಿಕಾರ ಬರೆದುಕೊಡಬಹುದು. ಕಮಾಂಡಿಂಗ್ ಆಫೀಸರ್ ಎದುರಿಗೆ ಸಹಿ ಹಾಕಬೇಕು. ಅವರ ಮೇಲುಸಹಿಯೂ ಬೇಕು.

ಸಂಬಳದ ಚಿಂತೆ ಬಿಡಿ. 1950ರ ಸೇನಾ ಕಾಯ್ದೆಯ 28ನೇ ಕಲಂ ಪ್ರಕಾರ ಸಿವಿಲ್ ಕೋರ್ಟು ಅದನ್ನು ಜಪ್ತಿ ಮಾಡುವಂತಿಲ್ಲ. ಸಾಲಕ್ಕಾಗಿ ಬಂಧಿಸುವಂತೆಯೂ ಇಲ್ಲ. ಹೆಂಡತಿ ಮಕ್ಕಳ ಜೀವನಾಂಶ ಮಾತ್ರ ಬೇರೆ. ಅದನ್ನು ಸರ್ಕಾರದ ಆದೇಶದ ಮೇಲೆ ಸೇನೆಯೇ ಸಂಬಳದಿಂದ ಹಿಡಿಯಬಹುದು.

ಕೇಸಿಗೆಂದು ರಜೆ ಸಿಕ್ಕರೆ, ಅದರ ಸರ್ಟಿಫಿಕೇಟ್ ಕೋರ್ಟಿಗೆ ಕೊಡಿ. ಅದೇ ಸೇನಾ ಕಾಯ್ದೆಯ 32ನೇ ಕಲಂನಂತೆ, ಸಾಧ್ಯವಾದಷ್ಟು ಆ ರಜೆಯೊಳಗೇ ಕೇಸು ಮುಗಿಸಲು ಕೋರ್ಟು ನೋಡಬೇಕು. ಇವತ್ತೇ ತಮ್ಮನಿಗೆ ಫೋನ್ ಮಾಡಿ, ಯೂನಿಟ್ ಆಫೀಸಿನಲ್ಲಿ ಕೇಳಲು ಹೇಳಿ.