ಇಲ್ಲಿ ಮಳೆ ಇಲ್ಲ ಅಂದ್ರೆ ಹೊಳೆ ಸುಮ್ಮನಿರುತ್ತಾ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು. ಸೆಪ್ಟೆಂಬರಿನಲ್ಲಿ ಎರಡು ಕಯಾಕ್ ತಗೊಂಡು ಸೀತಾ ಹೊಳೆಗೆ ಇಳಿದು, ಯಾವುದಾದರೂ ಕುದ್ರುವಿನಲ್ಲಿ (ಹೊಳೆ ನಡುವಿನ ನಡುಗಡ್ಡೆಯಲ್ಲಿ) ಟೆಂಟ್ ಹಾಕಿ, ರಾತ್ರಿ ಗಾಳ ಹಾಕಬೇಕು ಅಂತಿದ್ದೇವೆ. ಉಡುಪಿಯಲ್ಲಿ ಮಳೆ ಬಿಟ್ಟ ದಿನ ನೋಡಿ ಹೊರಟರೆ ಸಾಕಲ್ವಾ?

ಉತ್ತರ: ಸಾಲದು. ಪ್ರತಿ ವರ್ಷ ಚೌತಿ ಹತ್ತಿರ ಬಂದಾಗ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ. ಕೇಳುವವರು ಬೇರೆ ಬೇರೆ, ನಂಬಿಕೆ ಮಾತ್ರ ಒಂದೇ. ‘ಇಲ್ಲಿ ಬಿಸಿಲು ಇದೆ, ಹಾಗಾಗಿ ಹೊಳೆ ಸುಮ್ಮನಿರುತ್ತದೆ.’ ಈ ಒಂದು ನಂಬಿಕೆಯನ್ನು ಬಿಡಿಸಿದರೆ ಉಳಿದದ್ದೆಲ್ಲ ಸುಲಭ. ಅದಕ್ಕೇ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ನೀವು ಕಯಾಕ್ ಇಳಿಸುವ ಜಾಗದ ನೀರು ಉಡುಪಿಯದಲ್ಲ, ಘಟ್ಟದ್ದು. ಸೀತೆ ಆಗುಂಬೆ ಕಡೆಯ ಕಾಡಿನಲ್ಲಿ ಹುಟ್ಟಿ, ಹೆಬ್ರಿ ದಾಟಿ, ಬಾರ್ಕೂರು ಬಳಸಿ, ಹಂಗಾರಕಟ್ಟೆಗೆ ಬಂದು, ಕೋಡಿ ಬೆಂಗ್ರೆಯಲ್ಲಿ ಸ್ವರ್ಣೆಯ ಜೊತೆ ಕಡಲಿಗೆ ಸೇರುತ್ತಾಳೆ. ಕಡಲ ಕಡೆಯಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಸುರಿಯುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ ಸರಾಸರಿ 7,600 ಮಿಲಿಮೀಟರ್ ಆಸುಪಾಸು. ಮಲ್ಪೆಯಲ್ಲಿ ಬಟ್ಟೆ ಒಣಗುವಂಥ ದಿನ ಆಗುಂಬೆಯಲ್ಲಿ ಜಡಿ ಮಳೆ ಹಿಡಿದಿರಬಹುದು. ಆ ನೀರಿಗೆ ಕೆಳಗೆ ಬರಲು ಕೆಲವು ಗಂಟೆ ಬೇಕು. ಮಧ್ಯಾಹ್ನ ಘಟ್ಟದಲ್ಲಿ ಬಿದ್ದದ್ದು, ನೀವು ಊಟ ಮುಗಿಸಿ ಮಲಗಿದ ಮೇಲೆ ಕುದ್ರುವಿಗೆ ಬಂದು ಮುಟ್ಟುತ್ತದೆ.

ನನಗೂ ಇದನ್ನು ಪುಸ್ತಕ ಕಲಿಸಲಿಲ್ಲ. ಹತ್ತೊಂಬತ್ತು ವರ್ಷದವನಿದ್ದಾಗ ನಾವು ಮೂವರು ಹುಡುಗರು ಒಂದು ಸಣ್ಣ ದೋಣಿಯಲ್ಲಿ ಹೀಗೇ ಹೋಗಿದ್ದೆವು. ಸಂಜೆ ಆಕಾಶ ತೊಳೆದ ಹಾಗಿತ್ತು. ದೋಣಿಯನ್ನು ನೀರಿನಿಂದ ಹತ್ತು ಹೆಜ್ಜೆ ಮೇಲೆ ಎಳೆದು, ಕಟ್ಟದೆ ಬಿಟ್ಟೆವು. ರಾತ್ರಿ ಎರಡಕ್ಕೆ ಒಬ್ಬನ ಕಾಲು ಒದ್ದೆಯಾಗಿ ಎಚ್ಚರವಾಯಿತು. ಟಾರ್ಚ್ ಹಾಕಿದರೆ ದೋಣಿ ಇಲ್ಲ. ನೀರು ಕೆಂಪಗಾಗಿತ್ತು, ಅದರಲ್ಲಿ ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಒಂದು ಬಾಳೆಗಿಡ ಬೇರು ಸಮೇತ ತೇಲಿ ಹೋಗುತ್ತಿತ್ತು. ಒಂದು ಹನಿ ಮಳೆ ನಮ್ಮ ಮೇಲೆ ಬಿದ್ದಿರಲಿಲ್ಲ. ಬೆಳಗಿನವರೆಗೆ ಕುದ್ರುವಿನ ಎತ್ತರದ ಜಾಗದಲ್ಲಿ ನಿಂತೇ ಇದ್ದೆವು. ನಮ್ಮನ್ನು ದಾಟಿಸಲು ಬಂದ ಹಿರಿಯರು ಬೈಯಲಿಲ್ಲ. ಹುಟ್ಟು ಹಾಕುತ್ತಾ ಹೇಳಿದರು: ‘ಹೊಳಿ ತುಂಬುದ್ ಇಲ್ಲಿನ್ ಮಳಿಗಲ್ಲ ಮಾಣಿ, ಘಟ್ಟದ್ ಮಳಿಗ್.’

ಇನ್ನು ಉಬ್ಬರ ಇಳಿತ. ಬೇಸಿಗೆಯಲ್ಲಿ ಇದೇ ಹೊಳೆಯಲ್ಲಿ ಉಬ್ಬರ ಬಂದರೆ ನೀರು ಹಿಂದಕ್ಕೆ, ಮೇಲ್ಮುಖವಾಗಿ ಹರಿಯುತ್ತದೆ. ಅದನ್ನು ನೋಡಿದವರು ‘ಉಬ್ಬರದ ಹೊತ್ತಿಗೆ ವಾಪಸ್ ಬಂದರಾಯಿತು, ನೀರೇ ತಳ್ಳಿಕೊಂಡು ಬರುತ್ತದೆ’ ಅಂತ ಲೆಕ್ಕ ಹಾಕುತ್ತಾರೆ. ಮಳೆಗಾಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಘಟ್ಟದ ನೀರು ಜೋರಾಗಿ ಇಳಿಯುವಾಗ, ಉಬ್ಬರ ಅದನ್ನು ತಿರುಗಿಸುವುದಿಲ್ಲ, ತಡೆದು ನಿಲ್ಲಿಸಿ ಮಟ್ಟ ಏರಿಸುತ್ತದೆ ಅಷ್ಟೆ. ಮೇಲಿನ ಸಿಹಿನೀರು ಆಗಲೂ ಕಡಲ ಕಡೆಗೇ ಜಾರುತ್ತಿರಬಹುದು. ಆಮೇಲೆ ಇಳಿತ ಶುರುವಾದಾಗ ತಡೆದು ನಿಂತದ್ದು, ಮೇಲಿಂದ ಬರುತ್ತಿರುವುದು, ಎರಡೂ ಒಟ್ಟಿಗೆ ಅಳಿವೆ ಬಾಗಿಲಿಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ, ಓಡುತ್ತವೆ. ಅಲ್ಲಿ ಎದುರಿನಿಂದ ಕಡಲಿನ ಅಲೆ. ಹೊರಗೆ ಹೋಗುವ ಸೆಳೆತ, ಒಳಗೆ ಬರುವ ಅಲೆ ಎದುರಾದರೆ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಹುಟ್ಟಿನಿಂದ ಕಡಲು ನೋಡಿದ ಮೊಗವೀರರೇ ನಾಡದೋಣಿಯನ್ನು ಹೊತ್ತು ನೋಡಿ, ಅಲೆ ಎಣಿಸಿ ದಾಟಿಸುವ ಜಾಗ ಅದು. ಬಾಡಿಗೆ ಕಯಾಕ್‌ಗೆ ಅಲ್ಲಿ ಏನು ಕೆಲಸ?

‘ನಂಗೆ ಈಜು ಬರುತ್ತೆ’ ಅನ್ನುವವರಿಗೂ ಒಂದು ಮಾತು. ಸಾಮಾನ್ಯ ಈಜುಗಾರ ಗಂಟೆಗೆ ಎರಡು ಮೂರು ಕಿಲೋಮೀಟರ್ ಈಜಬಹುದು. ತುಂಬಿದ ಹೊಳೆ ಆರು ಏಳು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಲೈಫ್ ಜಾಕೆಟನ್ನು ಕಯಾಕಿನ ಹಿಂದೆ ಸಿಕ್ಕಿಸಿಕೊಂಡು ಹೋಗುವುದಲ್ಲ, ಬಕಲ್ ಹಾಕಿ ಬಿಗಿದು ಮೈಮೇಲೆ ಇರಬೇಕು. ಭುಜದ ಹತ್ತಿರ ಹಿಡಿದು ಎತ್ತಿದಾಗ ಗಲ್ಲ ದಾಟಿ ಮೇಲೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ.

ಸೆಪ್ಟೆಂಬರ್ ಅಂದ್ರೆ ಮಳೆ ಮುಗಿಯಿತು ಅಂತಲೂ ತಿಳಿಯಬೇಡಿ. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಉಡುಪಿ ಎದ್ದದ್ದೇ ನೆರೆಯಲ್ಲಿ. ರಾತ್ರೋರಾತ್ರಿ ಸ್ವರ್ಣೆ ಉಕ್ಕಿ, ಜನರನ್ನು ಮನೆಗಳಿಂದ ದೋಣಿಯಲ್ಲಿ ಕರೆತರಬೇಕಾಯಿತು.

ಹಾಗಾದರೆ ಹೋಗಲೇಬಾರದಾ? ಹೋಗಿ. ಅಕ್ಟೋಬರ್ ಕೊನೆಯಾದ ಮೇಲೆ ಹೋಗಿ. ಮೊದಲ ಸಲಕ್ಕೆ ಪಾರಂಪಳ್ಳಿ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಹೊಳೆ ಗೊತ್ತಿರುವವರ ಜೊತೆ ಹೋಗಿ. ಹೊರಡುವ ಮುನ್ನ ಉಡುಪಿಯ ಆಕಾಶದ ಜೊತೆಗೆ ಘಟ್ಟದ ಮುನ್ಸೂಚನೆಯನ್ನೂ ನೋಡಿ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದರೆ ಒಂದು ದಿನದಲ್ಲಿ 115 ಮಿಲಿಮೀಟರಿಗಿಂತ ಜಾಸ್ತಿ, ರೆಡ್ ಅಂದರೆ 204 ದಾಟುವ ಮಳೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಇದ್ದರೂ ನಿಮ್ಮ ಪ್ರಯಾಣ ಮುಂದಕ್ಕೆ ಹಾಕಿ. ಅಕ್ಟೋಬರ್ ಮುಗಿದ ಮೇಲೂ ಸಂಜೆ ಗುಡುಗು ಬರಬಹುದು. ಮಿಂಚು ಕಂಡು ಗುಡುಗು ಕೇಳುವ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಅಂತ ಲೆಕ್ಕ. ಆದರೆ ಗುಡುಗು ಕೇಳಿಸಿತು ಅಂದರೇ ಕಾರ್ಬನ್ ಗಾಳದ ಕೋಲು ಕೆಳಗಿಟ್ಟು ನೀರಿನಿಂದ ಮೇಲೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಕುದ್ರು ಅಂದರೆ ಯಾರೂ ಇಲ್ಲದ ಕಾಡು ಅಲ್ಲ. ಅಲ್ಲಿ ಮನೆಗಳಿವೆ, ತೋಟಗಳಿವೆ. ಕೇಳಿ ಅನುಮತಿ ಪಡೆಯಿರಿ. ಟೆಂಟನ್ನು ತೆಂಗಿನ ಮರದ ಬುಡದಲ್ಲಿ ಹಾಕಬೇಡಿ. ದೋಣಿಯನ್ನು ಮರಕ್ಕೆ ಕಟ್ಟಿ, ನೀರು ಏರಿದರೂ ಹಗ್ಗ ಎಳೆದು ಮುಳುಗಿಸದಷ್ಟು ಸಡಿಲ ಬಿಡಿ. ದಡದಲ್ಲಿ ನೀರಿನ ಅಂಚಿಗೆ ಒಂದು ಗೂಟ ಊರಿ, ಗಂಟೆಗೊಮ್ಮೆ ಸರದಿಯಲ್ಲಿ ಒಬ್ಬರು ಎದ್ದು ನೋಡಿ. ಇಳಿತದ ಹೊತ್ತಿನಲ್ಲಿ ನೀರು ಇಳಿಯುವ ಬದಲು ಏರುತ್ತಿದ್ದರೆ, ನೀರು ಕೆಂಪಾಗಿದ್ದರೆ, ಕಸ ತೇಲಿ ಬರುತ್ತಿದ್ದರೆ ಘಟ್ಟದ ನೀರು ಬಂದಿದೆ ಅಂತಲೇ ಅರ್ಥ. ಕತ್ತಲಲ್ಲಿ ದಾಟಲು ಹೋಗದೆ ಎತ್ತರಕ್ಕೆ ಹತ್ತಿ, 112ಕ್ಕೆ ಕರೆ ಮಾಡಿ.

ಮೀನಿನ ಬಗ್ಗೆ ಯಾರೂ ಸರಿಯಾಗಿ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹೊಳೆ ಕೆಂಪಾದ ದಿನಗಳಲ್ಲಿ ಉಪ್ಪುನೀರು ಬೇಕಾದ ಮೀನುಗಳು ಅಳಿವೆ ಕಡೆಗೆ ಸರಿಯುತ್ತವೆ. ಕಾಣೆ, ಕೆಂಬೇರಿ ಆಸೆಗೆ ಗಾಳ ಹಾಕುವವರೂ ಅವುಗಳ ಹಿಂದೆಯೇ ಅಳಿವೆಗೆ ಸರಿಯುತ್ತಾರೆ. ಅಪಾಯ ಇರುವುದೂ ಅಲ್ಲೇ. ನೀರು ತಿಳಿಯಾದ ಮೇಲೆ ಅವು ತಾವಾಗಿಯೇ ಒಳಗೆ ಬರುತ್ತವೆ. ಸಿಗಡಿ ಸಿಕ್ಕಿಸಿ ದಡದಲ್ಲೇ ಕೂತರೂ ಸಿಗುತ್ತವೆ.

ಮಳೆಗಾಲದ ಮೀನು ಅಂದಾಗ ನೆನಪಾಗುವುದು ಹತ್ತುಮೀನು, ತುಳುವಿನಲ್ಲಿ ಉಬರ್. ಜೂನಿನ ಮೊದಲ ಮಳೆಗೆ ಗದ್ದೆಯ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಇಳಿಯುತ್ತಿದ್ದಂತೆ, ಮೊಟ್ಟೆ ತುಂಬಿದ ಸಿಹಿನೀರಿನ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತವೆ. ಟಾರ್ಚ್, ಕತ್ತಿ ಹಿಡಿದು ರಾತ್ರಿ ಹೊರಡುವ ಖುಷಿ ನನಗೆ ಗೊತ್ತು, ನಾನೂ ಹುಡುಗನಾಗಿ ಹೋದವನೇ. ಹತ್ತುವ ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತವೆ. ಹತ್ತುವಾಗ ಅದನ್ನು ಬಿಟ್ಟುಬಿಡಿ. ಗದ್ದೆಯ ಬೆಚ್ಚಗಿನ ನೀರಿನಲ್ಲಿ ಮರಿಯಾಗಿ, ಅವು ಹೊಳೆಗೆ ಇಳಿಯಲಿ. ಈಗ ನಮ್ಮ ಮನೆಯ ಪಕ್ಕದ ತೋಡಿನಲ್ಲಿ ಮೊದಲ ಮಳೆಯ ರಾತ್ರಿ ನಾನು ಟಾರ್ಚ್ ಹಿಡಿದು ಕೂರುತ್ತೇನೆ. ಅಕ್ಕಪಕ್ಕದ ಮಕ್ಕಳನ್ನೂ ಕೂರಿಸಿಕೊಳ್ಳುತ್ತೇನೆ. ಎಷ್ಟು ಹತ್ತಿದವು ಅಂತ ಅವರೇ ಎಣಿಸುತ್ತಾರೆ.