‘ಹಕ್ಕಿ’ ಓದಲು ಯಾಕೆ ಇಷ್ಟು ಕಷ್ಟ?

ಓದಲು ಕಷ್ಟಪಡುವ ಮಕ್ಕಳನ್ನು ಕರೆದುಕೊಂಡು ಹಾಸನದಲ್ಲಿ ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರ ಮಾತು ಹೆಚ್ಚುಕಮ್ಮಿ ಒಂದೇ. “ಮೇಡಂ, ವರ್ಣಮಾಲೆ ಪೂರ್ತಿ ಬರುತ್ತೆ. ಪಾಠನೂ ಬಾಯಿಪಾಠ ಹೇಳ್ತಾನೆ. ಪುಸ್ತಕ ನೋಡಿ ಓದು ಅಂದ್ರೆ ಮಾತ್ರ ಆಗಲ್ಲ.” ಹುಡುಗ ಮೂರನೆಯದೋ ನಾಲ್ಕನೆಯದೋ ಕ್ಲಾಸು. ಸೋಮಾರಿ ಅಂತ ಬೈಸಿಕೊಂಡು ಬಂದಿರುತ್ತಾನೆ.

ನಾನು ‘ಹಕ್ಕಿ’ ಅಂತ ಬರೆದು ಮುಂದಿಡುತ್ತೇನೆ. ಎಷ್ಟೋ ಮಕ್ಕಳು ‘ಹಕಿಕ’ ಅನ್ನುತ್ತಾರೆ. ನೋಡಿ, ಗುಡಿಸು ಇರುವುದು ಮೇಲಿನ ಕಕಾರಕ್ಕೆ. ಅದರ ಸದ್ದು ಬರುವುದು ಕೆಳಗಿನ ಒತ್ತಿನ ನಂತರ. ಮಗು ಕಣ್ಣಿಗೆ ಕಂಡ ಹಾಗೇ ಓದಿದೆ, ಅಲ್ವಾ? ‘ಸೂರ್ಯ’ದಲ್ಲಿ ಅರ್ಕಾವತ್ತು ಕೂರುವುದು ಕೊನೆಗೆ, ಓದುವುದು ಯಕಾರಕ್ಕಿಂತ ಮೊದಲು. ತ, ನ, ಮ, ಯ, ರ, ಲ ಅಂತೂ ಒತ್ತಾದರೆ ಗುರುತೇ ಸಿಗುವುದಿಲ್ಲ.

ಕಣ್ಣು, ಕಿವಿ, ಬಾಯಿ, ಕೈ ಎಲ್ಲವನ್ನೂ ಒಟ್ಟಿಗೆ ಬಳಸಿ ಹಂತಹಂತವಾಗಿ ಓದು ಕಲಿಸುವ ಕ್ರಮವನ್ನು 1930ರ ದಶಕದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದರು. ಅದು ಇಂಗ್ಲಿಷಿಗೆ ಮಾಡಿದ್ದು. ಕನ್ನಡಕ್ಕೆ ಹಂತಗಳನ್ನು ನಾವೇ ಜೋಡಿಸಿಕೊಳ್ಳಬೇಕು. ಈಗ ಎಲ್ಲರಿಗೂ ಕೈಯ ಭಾಗವೇ ಇಷ್ಟ. ತಟ್ಟೆಗೆ ರಾಗಿ ಹರಡಿ ತಿದ್ದಿಸುವುದು, ಒಂದು ಫೋಟೋ ತೆಗೆಯುವುದು. ಆದರೆ ರಾಗಿಗಿಂತ ಜಾಸ್ತಿ ಕೆಲಸ ಮಾಡುವುದು ಯಾವುದಾದ ಮೇಲೆ ಯಾವುದು ಅನ್ನುವ ಲೆಕ್ಕ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಎಂದು ಶುರು ಮಾಡುತ್ತಾರಲ್ಲ, ಅಷ್ಟರಲ್ಲೇ ಅಗಸ, ಗರಗಸ, ಅರಸ ಓದಬಹುದು.

ಒತ್ತಕ್ಷರಕ್ಕೆ ನಾನು ಕಿವಿಯಿಂದ ಶುರು ಮಾಡುತ್ತೇನೆ. ಪುಸ್ತಕ ಮುಚ್ಚಿಟ್ಟು ‘ಹಕ್ಕಿ’ ಅನ್ನುತ್ತೇನೆ. ಮಗು ಬಿಡಿಸಿ ಹೇಳುತ್ತಾ ಹುಣಸೆ ಬೀಜ ಮುಂದಕ್ಕೆ ತಳ್ಳಬೇಕು: ಹ, ಕ್, ಕಿ. ಮೂರು ಬೀಜ. ಆಮೇಲೆ ಪದ ಬರೆಯುತ್ತೇನೆ, ಗುಡಿಸು ಮಾತ್ರ ಕೆಂಪು ಪೆನ್ನಿನಲ್ಲಿ. ಮೂರನೇ ಬೀಜದಿಂದ ಆ ಕೆಂಪು ಗುಡಿಸಿಗೆ ಮಗುವಿನ ಕೈಯಲ್ಲೇ ಗೆರೆ ಎಳೆಸುತ್ತೇನೆ. ರಾಗಿ ತಟ್ಟೆ ಬರುವುದು ಇಷ್ಟಾದ ಮೇಲೆ. ಬೆರಳು ಓಡುವಾಗ ಬಾಯಲ್ಲೂ ಸದ್ದು ಬರಬೇಕು. ಸುಮ್ನೆ ತಿದ್ದಿದರೆ ಅದು ಚಿತ್ರ ಬಿಡಿಸಿದ ಹಾಗೆ. ಕೊನೆಗೆ ‘ಟುಕ್ಕಿ’, ‘ಗೆಕ್ಕಿ’ಯಂಥ ಅರ್ಥವಿಲ್ಲದ ಪದ ಕೊಡುತ್ತೇನೆ. ಊಹೆ ಮಾಡಿ ಓದುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬರಲಿಲ್ಲವೋ, ನಾಳೆಯೂ ಅದೇ ಒತ್ತು.

ಇದಕ್ಕೆಲ್ಲ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಿರಲಿ. ಕೆಲವು ಮಕ್ಕಳ ಓದಿನ ಕಷ್ಟಕ್ಕೆ ಕಲಿಕಾ ನ್ಯೂನತೆ ಕಾರಣವಾಗಿರಬಹುದು. ಅದರ ಸರ್ಟಿಫಿಕೇಟ್ ಅಂದರೆ ಕೆಲವರು ಹಿಂಜರಿಯುತ್ತಾರೆ, ಊರವರು ಏನಂದಾರು ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳುವಾಗ ಆ ಕಾಗದ ಬೇಕಾಗುತ್ತದೆ.