ಕಾಣದ ಸಂದಿಗಾಗಿ ನಡೆದ ಜಗಳ

ಬಣ್ಣ ಹಾಕದ ಮಿದುಳಿನ ಪದರ ಸೂಕ್ಷ್ಮದರ್ಶಕದಡಿ ಬರೀ ಮಸುಕು. ಎಲ್ಲ ಕೋಶಕ್ಕೂ ಬಣ್ಣ ಹಿಡಿಸಿದರೋ, ಯಾವ ಎಳೆ ಯಾವ ಕೋಶದ್ದೆಂದು ಬಿಡಿಸಲಾಗದ ಪೊದೆ. ಇಂಥ ಗೋಜಲಿನ ಮುಂದೆ ಕೂತೇ ಜರ್ಮನಿಯ ಜೋಸೆಫ್ ಫಾನ್ ಗೆರ್ಲಾಕ್, ಎಳೆಗಳೆಲ್ಲ ಬೆಸೆದುಕೊಂಡು ನರಮಂಡಲ ಒಂದೇ ಜಾಲವಾಗಿದೆ ಎಂದ.

1873ರಲ್ಲಿ ಇಟಲಿಯ ಅಬ್ಬಿಯಾತೆಗ್ರಾಸ್ಸೊದ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದ ಕಮಿಲ್ಲೊ ಗಾಲ್ಜಿ, ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಯಾದ ಮಿದುಳಿನ ತುಂಡನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿದ. ಕೋಶದೊಳಗೆ ಸಿಲ್ವರ್ ಕ್ರೋಮೇಟ್ ಹರಳುಗಟ್ಟಿ, ಹಳದಿ ಹಿನ್ನೆಲೆಯಲ್ಲಿ ಇಡೀ ಕೋಶ ಟೊಂಗೆ ರೆಂಬೆ ಸಮೇತ ಕಪ್ಪಾಗಿ ಎದ್ದು ನಿಂತಿತು. ನೂರರಲ್ಲಿ ಬೆರಳೆಣಿಕೆಯಷ್ಟು ಕೋಶ ಮಾತ್ರ ಕಪ್ಪಾಗುವುದೇ ಈ ವಿಧಾನದ ಪುಣ್ಯ. ಉಳಿದವು ಬಣ್ಣವಿಲ್ಲದೆ ಕಣ್ಣಿಗೆ ಬೀಳುವುದಿಲ್ಲ. ಆದರೂ ಗಾಲ್ಜಿ ಕೊನೆವರೆಗೂ ಜಾಲದ ಪಕ್ಷವನ್ನೇ ಹಿಡಿದ.

1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಈ ಸ್ಲೈಡುಗಳನ್ನು ಕಂಡ ಸ್ಪೇನಿನ ವಿಜ್ಞಾನಿ ಸಾಂಟಿಯಾಗೊ ರಾಮೊನ್ ಇ ಕಹಾಲ್ ಬಣ್ಣ ಹಿಡಿಸುವ ಪಾಕವನ್ನೇ ತಿದ್ದಿದ. ಸುಮಾರು 3% ಡೈಕ್ರೋಮೇಟಿಗೆ 1% ಆಸ್ಮಿಕ್ ಆಮ್ಲ ಬೆರೆಸಿ ಕೆಲವು ದಿನ, ಆಮೇಲೆ 0.75% ಸಿಲ್ವರ್ ನೈಟ್ರೇಟಿನಲ್ಲಿ ಒಂದೆರಡು ದಿನ. ಸಾಲದಿದ್ದರೆ ಇನ್ನೊಂದು ಸುತ್ತು. ಲೋಹದ ಚಿಮಟ ತಾಗಿದರೆ ಬೆಳ್ಳಿ ಅಲ್ಲೇ ಇಳಿದು ತುಂಡು ಹಾಳು. ಮೇಲ್ಮೈಯಲ್ಲಿ ಹರಳಿನ ಹೊಪ್ಪಳೆ ಕಟ್ಟುವುದರಿಂದ ಮೊದಲ ಕೆಲವು ಪದರಗಳನ್ನು ಎಸೆಯಲೇಬೇಕು. ಪದರ ದಪ್ಪಗೂ ಇರಬೇಕು, 100 ಮೈಕ್ರಾನಿನ ಆಸುಪಾಸು. ತೆಳ್ಳಗೆ ಕೊಯ್ದರೆ ಟೊಂಗೆಗಳು ತುಂಡಾಗುತ್ತವೆ.

ನಿಜವಾದ ಜಾಣ್ಮೆಯಿದ್ದದ್ದು ಅಂಗಾಂಶದ ಆಯ್ಕೆಯಲ್ಲಿ. ಆಕ್ಸಾನ್ ಎಂದರೆ ಕೋಶದಿಂದ ಸಂದೇಶ ಒಯ್ಯುವ ಉದ್ದ ಎಳೆ. ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ಆಕ್ಸಾನಿಗೆ ಬೆಳ್ಳಿ ಸರಿಯಾಗಿ ಹಿಡಿಯುವುದಿಲ್ಲ, ಎಳೆ ಅರ್ಧದಲ್ಲೇ ಮಾಯ. ಹಾಗಾಗಿ ಕಹಾಲ್ ಮೈಲಿನ್ ಇನ್ನೂ ಬಲಿಯದ ಭ್ರೂಣ, ಮರಿಗಳತ್ತ ಹೊರಳಿದ. 1888ರಲ್ಲಿ ಹಕ್ಕಿಗಳ ಕಿರುಮಿದುಳಿನಲ್ಲಿ ಕಂಡದ್ದು: ಪುರ್ಕಿಂಜಿ ಎಂಬ ದೊಡ್ಡ ನರಕೋಶವನ್ನು ಬುಟ್ಟಿಯಂತೆ ಸುತ್ತಿದ ಆಕ್ಸಾನ್ ತುದಿಗಳು, ಮುಟ್ಟಿದಂತಿದ್ದರೂ ಬೆಸೆದುಕೊಂಡಿಲ್ಲ. 1891ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ವಾಲ್ಡೆಯರ್ ಈ ಬಿಡಿ ಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟ. 1906ರಲ್ಲಿ ನೊಬೆಲ್ ಗಾಲ್ಜಿ, ಕಹಾಲ್ ಇಬ್ಬರಿಗೂ ಸೇರಿ ಬಂದಾಗ, ಗಾಲ್ಜಿ ತನ್ನ ಭಾಷಣವನ್ನು ನ್ಯೂರಾನ್ ವಾದವನ್ನು ಅಲ್ಲಗಳೆಯಲು ಬಳಸಿದ.

ತಮಾಷೆಯೆಂದರೆ, ಜಗಳಕ್ಕೆ ಕಾರಣವಾದ ಸಂದು ಇಬ್ಬರಿಗೂ ಕಾಣುವಂತಿರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕ 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸದು. ಸಿನಾಪ್ಸ್, ಅಂದರೆ ಎರಡು ನರಕೋಶಗಳು ಸಂಧಿಸುವ ಜಾಗದ ಸಂದು, ಸುಮಾರು 20 ನ್ಯಾನೊಮೀಟರ್. ಅದು ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಅದೇ ದಶಕದಲ್ಲಿ ಸೀಗಡಿಯ ನೆಂಟನಾದ ಕ್ರೇಫಿಶ್‌ನಲ್ಲಿ ವಿದ್ಯುತ್ ನೇರವಾಗಿ ದಾಟುವ ಸಿನಾಪ್ಸೂ ಸಿಕ್ಕಿತು. ಅಂಥಲ್ಲಿ ಪೊರೆಗಳ ಅಂತರ 2ರಿಂದ 4 ನ್ಯಾನೊಮೀಟರ್, ನಡುವೆ ಪ್ರೋಟೀನಿನ ಕೊಳವೆಗಳು. 2023ರಲ್ಲಿ ಕೋಂಬ್ ಜೆಲ್ಲಿ ಎಂಬ ಸಮುದ್ರಜೀವಿಯ ಮರಿಗಳಲ್ಲಂತೂ ಚರ್ಮದಡಿಯ ನರಜಾಲದ ಎಳೆಗಳು ನಡುವೆ ಪೊರೆಯೇ ಇಲ್ಲದೆ ಬೆಸೆದುಕೊಂಡಿರುವುದು ಕಂಡುಬಂತು.